ದೊಡ್ಡವರಿಗೆ ಪೋನಿ ಸಾಕಾ, ಕುದುರೆಯೇ ಬೇಕಾ?

ಅಡ್ಕದಮನೆ
ಬ್ರಹ್ಮಾವರದ ಹತ್ತಿರ 80 ಸೆಂಟ್ಸ್ ಜಾಗ ಉಂಟು. ಅರ್ಧ ಹುಲ್ಲು, ಅರ್ಧ ತೆಂಗು, ಒಂದು ಖಾಲಿ ಹಟ್ಟಿ. ಸವಾರಿ ಮಾಡುವವರು ಇಬ್ಬರು, ಒಬ್ಬರು 52 ಕಿಲೋ, ಇನ್ನೊಬ್ಬರು 71. ರೇಸಿನಿಂದ ಬಿಟ್ಟ ಥರೋಬ್ರೆಡ್ ತೆಗೊಳ್ಳುವುದಾ, 13 ಹ್ಯಾಂಡ್ಸ್‌ನ ಪೋನಿ ತೆಗೊಳ್ಳುವುದಾ ಅಂತ ಪ್ರಶ್ನೆ. ಕೇಳಿದವರೆಲ್ಲ "ಪೋನಿ ಮೇಲೆ ಕೂತರೆ ಕಾಲು ನೆಲಕ್ಕೆ ತಾಗ್ತದೆ" ಅಂತ ನಗಾಡಿದ್ದೇ ಸೈ. ಲೆಕ್ಕ ಹಾಕಿ ಹೇಳುವವರು ಯಾರಾದ್ರೂ ಇದ್ದರೆ ಹೇಳಿ ಮಾರಾಯ್ರೆ.

ನಾಲ್ಕುಕಾಲು
ಕಾಲಿನ ಲೆಕ್ಕವನ್ನೇ ಮೊದಲು ಮುಗಿಸುವ. ಒಂದು ಹ್ಯಾಂಡ್ 4 ಇಂಚು, 13 ಹ್ಯಾಂಡ್ಸ್ ಅಂದರೆ 52 ಇಂಚು, 132 ಸೆಂ.ಮೀ. ಇದು ಕುತ್ತಿಗೆ, ಬೆನ್ನು ಸೇರುವಲ್ಲಿನ ಹೆಗಲ ಉಬ್ಬಿನ ಎತ್ತರ, ಕೂರುವ ಜಾಗ ಅದಕ್ಕಿಂತ ನಾಲ್ಕೈದು ಸೆಂ.ಮೀ. ಕೆಳಗೆ. ಸವಾರರ ಕಾಲಿನ ಉದ್ದ 80 ಸೆಂ.ಮೀ. ಅಂತ ಹಿಡಿದರೂ ಪಾದ ನೆಲದಿಂದ ಒಂದೂವರೆ ಅಡಿ ಮೇಲೆ ನೇತಾಡ್ತದೆ. ನಗಾಡಿದವರು ಟೇಪು ಹಿಡಿದವರಲ್ಲ.

ಪೋನಿಯನ್ನು ಕುದುರೆಮರಿ ಅಂತ ತಿಳಿದುಕೊಂಡವರೂ ಉಂಟು. ಹಳಬರು ಟಟ್ಟು ಅಂತಿದ್ದದ್ದು ಇದನ್ನೇ, ಪೂರ್ತಿ ಬೆಳೆದ ಪ್ರಾಣಿ. ಲಾಳ ಇಲ್ಲದೆ 148 ಸೆಂ.ಮೀ., ಲಾಳ ಇದ್ದರೆ 149, ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಅದರೊಳಗೆ ಇದ್ದದ್ದು ಪೋನಿ. ಹಳೆ ಲೆಕ್ಕದಲ್ಲಿ 14.2 ಹ್ಯಾಂಡ್ಸ್. ಚುಕ್ಕಿಯ ನಂತರ ಬರುವುದು ಇಂಚು, ದಶಮಾಂಶ ಅಂತ ಓದಬೇಡಿ. 14.2 ಅಂದರೆ 58 ಇಂಚು.

ಮಣಿಪುರದಲ್ಲಿ ಗಂಡಸರು ಪೋಲೋ ಆಡುವುದು 11ರಿಂದ 13 ಹ್ಯಾಂಡ್ಸ್‌ನ ಮಣಿಪುರಿ ಪೋನಿ ಮೇಲೆ, ಅಲ್ಲಿ ಆಟದ ಹೆಸರು ಸಗೋಲ್ ಕಾಂಗ್ಜೈ. ಬ್ರಿಟಿಷರು ಆ ಆಟ ಕಲಿತು ಹೊರಗೆ ಒಯ್ದರು. ಆಮೇಲೆ ಎತ್ತರದ ಮಿತಿ ತೆಗೆದು ದೊಡ್ಡ ಕುದುರೆ ತಂದರು, ಆದರೂ "ಪೋಲೋ ಪೋನಿ" ಅನ್ನುವ ಹೆಸರು ಹೋಗಲಿಲ್ಲ. ಐಸ್‌ಲ್ಯಾಂಡಿನ ತಳಿಯೂ 13–14 ಹ್ಯಾಂಡ್ಸ್, ಅಲ್ಲಿ ದೊಡ್ಡವರ ಸವಾರಿಯೆಲ್ಲ ಅದರಲ್ಲೇ. ಅಲ್ಲಿಯವರ ಎದುರು ಅದನ್ನು ಪೋನಿ ಅನ್ನಬೇಡಿ, ಅಷ್ಟೆ.

ಹುರುಳಿಕಾಳು
ಎತ್ತರ ನೋಡಿ ತೀರ್ಮಾನ ಮಾಡಿದರೆ ಮೋಸ ಹೋಗ್ತೀರಿ. ನೋಡಬೇಕಾದ್ದು ಪ್ರಾಣಿಯ ತೂಕ, ಬೆನ್ನು, ಮೂಳೆ. ತೂಕ ಹಾಕುವ ಕಾಟಾ ಬೇಡ, ದರ್ಜಿಯ ಟೇಪು ಸಾಕು.

ಎದೆಯ ಸುತ್ತಳತೆ: ಮುಂಗಾಲಿನ ಹಿಂದೆ, ಹೆಗಲ ಉಬ್ಬಿನ ಹಿಂದಕ್ಕೆ ಬರುವ ಹಾಗೆ ಸುತ್ತ ಟೇಪು. ಉಸಿರು ಬಿಟ್ಟಾಗ ಓದಬೇಕು. ಉದ್ದ: ಭುಜದ ಮುಂದಿನ ಮೂಳೆಯ ತುದಿಯಿಂದ ಪೃಷ್ಠದ ಮೂಳೆಯ ತುದಿಗೆ. ಇದಕ್ಕೆ ಇಬ್ಬರು ಬೇಕು, ಒಬ್ಬರೇ ಹಿಡಿದರೆ ಟೇಪು ಹೊಟ್ಟೆಯ ಮೇಲೆ ಬಾಗಿ ನಾಲ್ಕು ಸೆಂ.ಮೀ. ಜಾಸ್ತಿ ಬರ್ತದೆ. ಎರಡೂ ಸೆಂ.ಮೀ.ನಲ್ಲಿ. ಸುತ್ತಳತೆ × ಸುತ್ತಳತೆ × ಉದ್ದ, ಭಾಗಿಸು 11,880. ಬಂದದ್ದು ಕಿಲೋ. ಅಂದಾಜೇ, ಆದರೆ ಕಣ್ಣಳತೆಗಿಂತ ಎಷ್ಟೋ ಮೇಲು.

ಆ ತೂಕದ ಶೇ. 20ರ ಒಳಗೆ ಸವಾರ, ಜೀನು, ಹೆಲ್ಮೆಟ್, ಬೂಟು ಎಲ್ಲ ಬರಬೇಕು. 2008ರಲ್ಲಿ ಅಮೆರಿಕದ ಓಹಿಯೋದಲ್ಲಿ 8 ಕುದುರೆಗಳಿಗೆ ಶೇ. 15, 20, 25, 30 ಅಂತ ತೂಕ ಹೊರಿಸಿ ನೋಡಿದ್ದಾರೆ. 25ರಿಂದ ಮೇಲಕ್ಕೆ ಸ್ನಾಯು ನೋವು, ಬಿಗಿತ ಎದ್ದು ಕಂಡಿತು. ಎಲ್ಲರೂ ಹೇಳುವ 20ಕ್ಕೆ ಒಂದು ಆಧಾರ ಅದು.

ಜೀನಿನ ತೂಕ ಎಲ್ಲರೂ ಮರೆಯುವುದು. ಚರ್ಮದ ಜೀನು 7–8 ಕಿಲೋ, ಸಿಂಥೆಟಿಕ್ 5ರ ಹತ್ತಿರ. ಬಟ್ಟೆ, ಬೂಟು, ಹೆಲ್ಮೆಟ್ ಸೇರಿ ಇನ್ನೊಂದು 3. ಹಾಗಾಗಿ ಸಿಂಥೆಟಿಕ್ ಹಿಡಿದರೂ ನಿಮ್ಮ 52 ಆಗುವುದು 60, ನಿಮ್ಮ 71 ಆಗುವುದು 79. ಟೇಪು ಹಿಡಿದು ಅಳತೆ ತನ್ನಿ, ಮತ್ತೆ ಮಾತಾಡುವ.

ಪಡುಕರೆ
ಶೇಕಡಾ ಲೆಕ್ಕದ ಜೊತೆಗೆ ಕಾನೂನಿನ ಒಂದು ಅಂಕಿಯೂ ಗೊತ್ತಿರಲಿ. 1965ರ ನಿಯಮ ಉಂಟು, ಗಾಡಿ ಎಳೆಯುವ ಮತ್ತು ಹೊರೆ ಹೊರುವ ಪ್ರಾಣಿಗಳ ಮೇಲಿನ ಹಿಂಸೆ ತಡೆಗೆ ಮಾಡಿದ್ದು. ಅದರಲ್ಲಿ ಬೆನ್ನ ಮೇಲಿನ ಹೊರೆಗೆ ಪೋನಿಗೆ 70 ಕಿಲೋ, ಹೇಸರಗತ್ತೆಗೆ 200. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಒಂದೇ ಸಮ 5 ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ. 37 ಡಿಗ್ರಿ ದಾಟುವ ಊರಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಇಲ್ಲ. ಬರೆದದ್ದು ಹೊರೆಗೆ, ಆದರೂ 79 ಕಿಲೋದವರು 70ರ ಅಂಕಿಯನ್ನು ಕಣ್ಣೆದುರು ಇಟ್ಟುಕೊಂಡರೆ ಒಳ್ಳೆಯದು. ಹೊರೆಯಾದರೆ ಅಲ್ಲಾಡುವುದಿಲ್ಲ, ಕಲಿಯುವ ಸವಾರ ಬೆನ್ನ ಮೇಲೆ ಧಪ್ ಧಪ್ ಬೀಳ್ತಾ ಇರ್ತಾನೆ.

ಥರೋಬ್ರೆಡ್ ವಿಷಯ. 450–500 ಕಿಲೋ ಇರ್ತದೆ, ತೂಕ ಹೊರುವುದರಲ್ಲಿ ತಕರಾರಿಲ್ಲ. ತಕರಾರು ಇರುವುದು ನಮ್ಮ ಹವೆಯಲ್ಲಿ. ಇಲ್ಲಿ ಬೆವರು ಬರ್ತದೆ, ಆರುವುದಿಲ್ಲ, ಆರದಿದ್ದರೆ ಮೈ ತಂಪಾಗುವುದಿಲ್ಲ. ಸೆಕೆಯ ಊರಿಗೆ ಬಂದ ಕೆಲವು ಕುದುರೆಗಳಲ್ಲಿ ಕೆಲವು ತಿಂಗಳಲ್ಲಿ ಬೆವರುವುದೇ ನಿಂತುಹೋಗ್ತದೆ. ಮೈ ಒಣ, ಮೂಗಿನ ಹೊಳ್ಳೆ ಅಗಲ, ನೆರಳಲ್ಲಿ ನಿಂತರೂ ಏದುಸಿರು. ಕುತ್ತಿಗೆ, ತೊಡೆಯ ನಡುವೆ ಮಾತ್ರ ಸ್ವಲ್ಪ ಹಸಿ. ಅಂಥದ್ದನ್ನು ತಂಪು ಊರಿಗೆ ಕಳಿಸುವುದಕ್ಕಿಂತ ಖಚಿತವಾದ ಮದ್ದಿಲ್ಲ.

ಸಣ್ಣ ಮೈಗೆ ತೂಕಕ್ಕೆ ಹೋಲಿಸಿದರೆ ಚರ್ಮ ಜಾಸ್ತಿ, ಹಾಗಾಗಿ ಪೋನಿ ಬೇಗ ತಣ್ಣಗಾಗ್ತದೆ. ಆದರೆ ಎಲ್ಲ ಪೋನಿಯೂ ಅಲ್ಲ. ಸ್ಪಿತಿ, ಝನ್ಸ್ಕರಿ, ಭುಟಿಯಾ ಹಿಮಾಲಯದ ತಳಿಗಳು, ದಪ್ಪ ರೋಮದವು, ಉಡುಪಿಗೆ ತರುವ ಯೋಚನೆಯೇ ಬೇಡ. ಪುಣೆ, ಸೋಲಾಪುರ ಕಡೆ ಕುರಿಗಾಹಿಗಳ ಹಿಂದೆ ಸಾಮಾನು ಹೊತ್ತು ನಡೆಯುವ ದಖ್ಖನಿ ಟಟ್ಟು, ಈಗ ಭೀಮಥಡಿ ಅಂತ ತಳಿಯ ಪಟ್ಟಿಗೂ ಸೇರಿದೆ, ಅದಕ್ಕೆ ಬಿಸಿಲು, ನಡಿಗೆ ಎರಡೂ ಅಭ್ಯಾಸ. ತೇವ ಹೊಸತು, ಅದನ್ನು ನಿಧಾನ ಅಭ್ಯಾಸ ಮಾಡಿಸಬೇಕು.

ಸವಾರಿ ಹೊರಡುವ ಮೊದಲು ಫ್ಯಾರನ್‌ಹೀಟ್ ಉಷ್ಣತೆಗೆ ತೇವದ ಶೇಕಡಾ ಕೂಡಿಸುವ ಕ್ರಮ ಉಂಟು. 150 ದಾಟಿದರೆ ಜಾಗ್ರತೆ, 180 ದಾಟಿದರೆ ಬೇಡ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಸೆಲ್ಸಿಯಸ್ ಅಂದರೆ 91, ತೇವ 70, ಒಟ್ಟು 161. ಬೆಳಗ್ಗೆ ಆರೂವರೆಗೆ 26 ಡಿಗ್ರಿ, ಅಂದರೆ 79, ತೇವ 90, ಒಟ್ಟು 169! ಬಿಸಿಲಿಲ್ಲ ಅನ್ನುವುದು ಬಿಟ್ಟರೆ ಕರಾವಳಿಯ ಬೆಳಗ್ಗೆ ಅಂಥ ತಂಪೇನೂ ಅಲ್ಲ. ಕೆಲಸ ನಿಲ್ಲಿಸಿ ಹತ್ತು ನಿಮಿಷಕ್ಕೆ ಉಸಿರು ಇಳಿಮುಖ ಆಗದಿದ್ದರೆ ಮೈಗೆಲ್ಲ ನೀರು ಸುರಿಯಿರಿ, ನಿಲ್ಲಿಸದೆ ಸುರಿಯಿರಿ. ಬಿಸಿ ಮೈಗೆ ತಣ್ಣೀರು ಹಾಕಿದರೆ ಸ್ನಾಯು ಹಿಡ್ಕೊಳ್ತದೆ ಅನ್ನುವುದು ಸುಳ್ಳು.

ಬೈಹುಲ್ಲು
ದನಕ್ಕೆ ಕೊಡುವ ನೇಪಿಯರ್ ಹುಲ್ಲು, ತೌಡು, ಹಿಂಡಿ ಇದ್ದೇ ಇರ್ತದಲ್ಲ? ಅದೇ ಸಾಕಾಗುವುದಿಲ್ವಾ? ಪೋನಿ ಏನು ಕೊಟ್ಟರೂ ದಪ್ಪ ಆಗ್ತದೆ ಅಂತ ಹೇಳ್ತಾರೆ.

ಹುರುಳಿಕಾಳು
@ಬೈಹುಲ್ಲು ದಪ್ಪ ಆಗುವುದೇ ಅದರ ರೋಗ. ಮತ್ತೆ ನೀವು ಹೇಳಿದ ಮೂರೂ ಒಂದೊಂದು ಕಾರಣಕ್ಕೆ ಆಗುವುದಿಲ್ಲ.

ನೇಪಿಯರ್ ತಳಿಗಳಲ್ಲಿ ಆಕ್ಸಲೇಟ್ ಜಾಸ್ತಿ, ಅದು ಕ್ಯಾಲ್ಸಿಯಂ ಹಿಡಿದುಕೊಳ್ತದೆ. ದನದ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಆಕ್ಸಲೇಟನ್ನು ಮೊದಲೇ ಮುರಿದು ಹಾಕ್ತವೆ. ಕುದುರೆಗೆ ಆ ಜೀವಿಗಳಿರುವುದು ಹಿಂದಿನ ದೊಡ್ಡ ಕರುಳಲ್ಲಿ, ಕ್ಯಾಲ್ಸಿಯಂ ಹೀರುವುದು ಅದಕ್ಕಿಂತ ಮುಂಚಿನ ಸಣ್ಣ ಕರುಳಲ್ಲಿ. ಅಷ್ಟರೊಳಗೆ ಕ್ಯಾಲ್ಸಿಯಂ ಕೈ ತಪ್ಪಿರ್ತದೆ. ಮೇಲೆ ತೌಡು ಕೊಟ್ಟಿರೋ, ಅದರಲ್ಲಿ ಕ್ಯಾಲ್ಸಿಯಂಗಿಂತ ರಂಜಕ 10 ಪಟ್ಟಿಗೂ ಹೆಚ್ಚು. ಎರಡೂ ಸೇರಿದರೆ ದೇಹ ಮೂಳೆಯಿಂದಲೇ ಕ್ಯಾಲ್ಸಿಯಂ ಕೀಳ್ತದೆ. ಮೊದಲು ಆಗಾಗ ಕಾಲು ಬದಲಾಯಿಸಿ ಕುಂಟುವುದು, ಆಮೇಲೆ ಮುಖದ ಎರಡೂ ಬದಿ ಮೂಳೆ ಊದುವುದು. ದವಡೆ ಊದಿ ಕಂಡಾಗ ತಿಂಗಳುಗಟ್ಟಲೆ ತಡವಾಗಿರ್ತದೆ.

ಹಿಂಡಿಯಲ್ಲಿ ಇನ್ನೂ ನೇರ ಅಪಾಯ. ದನಕ್ಕೆ ಮಾಡಿದ ಕೆಲವು ಆಹಾರದಲ್ಲಿ ಮೊನೆನ್ಸಿನ್ ಅನ್ನುವ ಮದ್ದು ಇರ್ತದೆ. ದನ ತಡಕೊಳ್ಳುವ ಪ್ರಮಾಣ ಕುದುರೆಯ ಹೃದಯವನ್ನೇ ಹಾಳು ಮಾಡ್ತದೆ. ಚೀಲದ ಮೇಲೆ ಪೂರ್ತಿ ಪಟ್ಟಿ ಇಲ್ಲದಿದ್ದರೆ ಹಾಕಲೇಬೇಡಿ, ದನದ ಬಾನಿಗೆ ಪೋನಿ ಬಾಯಿ ಹಾಕದ ಹಾಗೆ ನೋಡಿ.

ಹಾಗಾದರೆ ಏನು ಕೊಡುವುದು? ಒಣ ತೂಕದಲ್ಲಿ ಮೈತೂಕದ ಶೇ. 1.5ರಿಂದ 2. 300 ಕಿಲೋಗೆ ನಾಲ್ಕೂವರೆಯಿಂದ 6 ಕಿಲೋ. ಹಸಿ ನೇಪಿಯರ್ 10 ಕಿಲೋದಲ್ಲಿ ಒಣ ಅಂಶ 2 ಕಿಲೋ ಇದ್ದರೆ ಹೆಚ್ಚು, ರಾಶಿ ನೋಡಿ ಮೋಸ ಹೋಗಬೇಡಿ. ಗದ್ದೆ ಬದುವಿನ ಮಿಶ್ರ ಹುಲ್ಲು ಒಣಗಿಸಿದ್ದು ಮುಖ್ಯ. ಘಟ್ಟದ ಮೇಲಿಂದ ಬರುವ ಒಣ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಅರ್ಧದಿಂದ ಮುಕ್ಕಾಲು ಕಿಲೋ, ಕ್ಯಾಲ್ಸಿಯಂಗೆ. ಉಪ್ಪು ದಿನಕ್ಕೆ 30 ಗ್ರಾಂ, ಬೆವರಿದ ದಿನ ಇನ್ನೂ ಸ್ವಲ್ಪ. ನೀರು ಕಡಿಮೆಯೆಂದರೆ 15 ಲೀಟರ್, ಸೆಕೆಗೆ ಇಮ್ಮಡಿ. ಬೈಹುಲ್ಲು ಬಾಯಾಡಿಸುವುದಕ್ಕೆ ಸ್ವಲ್ಪ ಪರವಾಗಿಲ್ಲ. ಅದೇ ಊಟ ಆದರೆ, ಅದರಲ್ಲೂ ನೀರು ಕಡಿಮೆ ಕುಡಿದರೆ, ಕರುಳಲ್ಲಿ ಗಡ್ಡೆ ಕಟ್ಟಿ ಹೊಟ್ಟೆನೋವು. ಹುರುಳಿ ಬೇಯಿಸಿ ಕೊಡಿ, ಅದೂ ಕೆಲಸ ಇರುವ ದಿನ. ಸುಮ್ಮನೆ ನಿಂತ ಪೋನಿಗೆ ಹುರುಳಿ ಬೇಡವೇ ಬೇಡ. (ನನ್ನ ಹೆಸರು ನೋಡಿ ನಗಬೇಡಿ.)

ಈಗ ಜೂನ್ ಅಂತಿಟ್ಟುಕೊಳ್ಳಿ. ಮಳೆ ಬಿದ್ದು ಹುಲ್ಲು ಚಿಗುರಿತು, ಪೋನಿ ಬಿಟ್ಟಿರಿ, ಅದು ಇಡೀ ದಿನ ಮೇಯ್ತದೆ. ಚಿಗುರಲ್ಲಿ ಸಕ್ಕರೆ, ಪೋನಿಯ ದೇಹ ಬರಗಾಲಕ್ಕೆ ಹೊಂದಿದ್ದು, ಇನ್ಸುಲಿನ್ ಏರಿ ಗೊರಸಿನ ಒಳಗಿನ ಪದರ ಊದಿಕೊಳ್ತದೆ. ಅದೇ ಲ್ಯಾಮಿನೈಟಿಸ್. ಮುಂಗಾಲು ಮುಂದೆ ಚಾಚಿ ಭಾರ ಹಿಂದಕ್ಕೆ ಹಾಕಿ ನಿಲ್ತದೆ, ತಿರುಗಲು ಒಪ್ಪುವುದಿಲ್ಲ. ಗೊರಸಿನ ಮೇಲೆ ಕಾಲಿನ ಹಿಂಬದಿಯಲ್ಲಿ ಬೆರಳಿಟ್ಟರೆ ನಾಡಿ ಟಕ್ ಟಕ್ ಅಂತ ಹೊಡೆಯುವುದು ಗೊತ್ತಾಗ್ತದೆ, ಬೇರೆ ದಿನ ಹುಡುಕಿದರೂ ಸಿಗದಷ್ಟು ಮೆಲ್ಲ ಇರ್ತದೆ. ಹಾಗೆ ಕಂಡ ಕೂಡಲೇ ಐಸ್ ನೀರಲ್ಲಿ ಗೊರಸು ನಿಲ್ಲಿಸಿ, ಆಮೇಲೆ ದಪ್ಪ ಮರಳಿನ ಮೇಲೆ ಕಟ್ಟಿ, ಡಾಕ್ಟ್ರಿಗೆ ಫೋನ್ ಮಾಡಿ. ನಡೆಸಬೇಡಿ.

ದಪ್ಪ ಪೋನಿಯನ್ನು ಉಪವಾಸ ಕೆಡವುವುದೂ ತಪ್ಪು. ಒಮ್ಮೆಲೇ ಹೊಟ್ಟೆ ಖಾಲಿಯಾದರೆ ಮೈಯ ಕೊಬ್ಬೆಲ್ಲ ರಕ್ತಕ್ಕೆ ಇಳಿದು ಯಕೃತ್ತು ಕೈಕೊಡ್ತದೆ. ವಾರಕ್ಕೆ ಮೈತೂಕದ ಶೇ. ಅರ್ಧದಿಂದ ಒಂದು ಇಳಿದರೆ ಸಾಕು.

ಮತ್ತೊಂದು, ಬೇಲಿಯಲ್ಲಿ ಕಣಗಿಲೆ ಇದ್ದರೆ ಬುಡಸಮೇತ ಕೀಳಿ. ಒಣಗಿದ ಎಲೆಯೂ ವಿಷ.

ಲಾಳದಂಗಡಿ
ಎಲ್ಲ ಸರಿ, ಪೋನಿ ನಿಲ್ಲಿಸುವುದು ಎಲ್ಲಿ? "ಖಾಲಿ ಹಟ್ಟಿ" ಅಂತ ಬರೆದದ್ದು ಓದಿ ಹೆದರಿಕೆ ಆಯ್ತು.

ಹಟ್ಟಿಗೆ ಸೊಪ್ಪು, ತರಗೆಲೆ ಹಾಕಿ, ಮೇಲೆ ಮೇಲೆ ಹಾಕಿ, ತಿಂಗಳ ನಂತರ ಗೊಬ್ಬರ ತೆಗೆಯುವ ಕ್ರಮ ತೋಟಕ್ಕೆ ಚಿನ್ನ, ಕುದುರೆಯ ಗೊರಸಿಗೆ ಮಣ್ಣು. ಮೂತ್ರ, ಲದ್ದಿ, ತೇವ ಸೇರಿ ನಾಲ್ಕು ತಿಂಗಳ ಮಳೆಯಲ್ಲಿ ಗೊರಸು ಕೊಳೆಯದೆ ಇನ್ನೇನು? ನೆಲ ಎತ್ತರ ಮಾಡಿ, ಕಾಂಕ್ರೀಟಿಗೆ ಗೀರು ಹಾಕಿ, 60 ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟು, ಮೇಲೆ ರಬ್ಬರ್ ಮ್ಯಾಟ್. ಕೆಂಪುಕಲ್ಲು ಹಾಸಿದ ನೆಲ ಆಗುವುದಿಲ್ಲ, ಕಲ್ಲಿನ ತೂತಿನಲ್ಲಿ ಮೂತ್ರ ನಿಲ್ತದೆ. ಹಾಸಿಗೆಗೆ ಮರಗೆಲಸದ ಸಿಪ್ಪೆಪುಡಿ ಒಳ್ಳೆಯದು, ಉಮಿಯಲ್ಲಿ ಧೂಳು ಜಾಸ್ತಿ. ದಿನಕ್ಕೆ ಎರಡು ಸಲ ತೆಗೆಯಬೇಕು.

ದಿನಾ ಗೊರಸು ಎತ್ತಿ ನೋಡಿ. ಅಡಿಭಾಗದ ನಡುವೆ ಮೆತ್ತಗೆ ತ್ರಿಕೋನದ ಹಾಗೆ ಇರುವುದು ಫ್ರಾಗ್. ಅದರ ಮಧ್ಯದ ಗೀರು ಹೆಬ್ಬೆರಳು ಇಟ್ಟರೆ ತುಂಬುವಷ್ಟು ಅಗಲ ಇರಬೇಕು, ಆಳ ಕಡಿಮೆ ಇರಬೇಕು. ಗೀರು ಸಪೂರವಾಗಿ ಒಳಗೆ ಇಳಿದಿದ್ದರೆ, ಕಡ್ಡಿಗೆ ಸುತ್ತಿದ ಹತ್ತಿ ಒಂದು ಇಂಚು ಒಳಗೆ ಹೋಗಿ ಕಪ್ಪಾಗಿ, ಕೊಳೆತ ಮೀನಿನ ಹಾಗೆ ನಾತ ಬಂದರೆ, ಕೊಳೆ ಶುರುವಾಗಿದೆ. ತೊಳೆದು, ಪೂರ್ತಿ ಒಣಗಿಸಿ (ಒಣಗಿಸದೆ ಮದ್ದು ಹಾಕುವುದು ದುಡ್ಡು ದಂಡ), ಮೈಲುತುತ್ತು 100 ಮಿ.ಲೀ. ನೀರಿಗೆ 5 ಗ್ರಾಂ ಕರಗಿಸಿ ಹತ್ತಿ ಅದ್ದಿ ಗೀರಿನಲ್ಲಿ ತುರುಕಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮಾಡಲು ತಂದಿಟ್ಟ ಅದೇ ಮೈಲುತುತ್ತು. ಪುಡಿಯನ್ನೇ ನೇರ ಸುರಿಯುವವರಿದ್ದಾರೆ, ಅದು ಜೀವ ಇರುವ ಭಾಗವನ್ನೂ ಸುಡ್ತದೆ, ಆಮೇಲೆ ಪೋನಿ ಕಾಲು ಕೊಡುವುದೇ ಇಲ್ಲ.

ಲಾಳ ಬೇಕಾ? ಪೋನಿಯ ಗೊರಸು ಗಟ್ಟಿ. ಮಣ್ಣುರಸ್ತೆ, ಹುಲ್ಲು, ಸಮುದ್ರ ತೀರ ಅಂತಾದರೆ ಬರಿಗಾಲೇ ಸಾಕು, 6 ವಾರಕ್ಕೊಮ್ಮೆ ಅರ ಹಾಕಿಸಿ. ಕರಾವಳಿಯಲ್ಲಿ ಲಾಳ ಕಟ್ಟುವವರು ವಿರಳ, ಘಟ್ಟದಿಂದ ಬರುವವರಿಗಾಗಿ ಕಾಯಬೇಕಾಗ್ತದೆ. ಲಾಳ ಕಟ್ಟಿ 10 ವಾರ ಬಿಟ್ಟರೆ ಗೊರಸು ಉದ್ದ ಬೆಳೆದು ಹಿಂಬದಿಯ ಸ್ನಾಯುರಜ್ಜು ಎಳೆಯುತ್ತದೆ, ಅದಕ್ಕಿಂತ ಲಾಳ ಇಲ್ಲದ್ದೇ ಲೇಸು. ಥರೋಬ್ರೆಡ್‌ನ ಅಂಗಾಲು ತೆಳು, ಅದಕ್ಕೆ ಈ ರಿಯಾಯಿತಿ ಇಲ್ಲ.

ಕುಂದಾಪ್ರ ಗಾಡಿ
ಹ್ವಾಯ್, ಮರಳಿನ ಬಗ್ಗೆ ಯಾರೂ ಹೇಳ್ಲಿಲ್ಲ. ಮಲ್ಪೆ, ಪಣಂಬೂರು ಅಂತ ಆಸೆ ಪಟ್ಟು ಒಣ ಮರಳಲ್ಲಿ ಓಡಿಸ್ಬೇಡಿ, ಕಾಲಿನ ಹಿಂದಿನ ರಜ್ಜು ಹೋತ್ತ್. ಇಳಿತದ ಹೊತ್ತಿಗೆ ನೀರಿನಂಚಿನ ಗಟ್ಟಿ ಮರಳು, ಅದೂ ಮೊದಲ ತಿಂಗಳು ನಡಿಗೆ ಮಾತ್ರ. ಬಂದ ಮೇಲೆ ಕಾಲಿಗೆ, ಲಗಾಮಿನ ಕಬ್ಬಿಣಕ್ಕೆ ಸಿಹಿನೀರು.

ಕರಾವಳಿಯ ಜಾಗ ಅಂದ್ರೆ ಹೊಯ್ಗೆ. ನೆಲದ ಮೇಲೆ ಹುಲ್ಲು ಹಾಕಿದ್ರೆ ಹುಲ್ಲಿನೊಟ್ಟಿಗೆ ಹೊಯ್ಗೆಯೂ ಹೊಟ್ಟೆಗೆ. ನಾಲ್ಕೈದು ಲದ್ದಿ ಉಂಡೆ ಪ್ಲಾಸ್ಟಿಕ್ ಚೀಲದ ನೀರಲ್ಲಿ ಕದಡಿ 15 ನಿಮಿಷ ತೂಗುಹಾಕಿ. ಚೀಲದ ಮೂಲೆಯಲ್ಲಿ ಒಂದು ಚಮಚ ಹೊಯ್ಗೆ ಕೂತಿದ್ರೆ ಡಾಕ್ಟ್ರನ್ನು ಕೇಳಿ ಇಸಬ್‌ಗೋಲು ಶುರು ಮಾಡಿ.

ಅಡ್ಕದಮನೆ
ನೋಡಿ ಬಂದ ಪೋನಿಯ ಅಳತೆ ತಂದಿದ್ದೇನೆ. ಸುತ್ತಳತೆ 162, ಉದ್ದ 140. ಹೆಗಲ ಹತ್ತಿರ 132. ಕುತ್ತಿಗೆಯ ಮೇಲ್ಭಾಗ ಗಟ್ಟಿಯಾಗಿ ದಿಬ್ಬದ ಹಾಗೆ, ಪಕ್ಕೆಲುಬು ಒತ್ತಿದರೆ ಮಾತ್ರ ಸಿಗ್ತದೆ. ಹಟ್ಟಿಯ ನೆಲ ಒಡೆಸುವ ತೀರ್ಮಾನ ಆಯ್ತು. ಜೀನು 17.5 ಇಂಚಿನದ್ದು ಸಿಗ್ತದೆ, ಅದು ಆಗ್ತದಾ?

ನಾಲ್ಕುಕಾಲು
ಜೀನಿಗೆ ಉತ್ತರ ನನ್ನದು, ತೂಕ ಹುರುಳಿಯವರು ಹೇಳಲಿ.

ಕೊನೆಯ ಪಕ್ಕೆಲುಬನ್ನು ಬೆರಳಿಂದ ಹುಡುಕಿ, ಅದು ಹೋದ ದಾರಿಯಲ್ಲೇ ಬೆನ್ನಿನವರೆಗೆ ಚಾಕ್‌ನಲ್ಲಿ ಗೆರೆ ಎಳೆಯಿರಿ. ಜೀನು ಆ ಗೆರೆ ದಾಟಬಾರದು, ಮುಂದೆ ಭುಜದ ಮೂಳೆಯ ಮೇಲೂ ಬರಬಾರದು. 13 ಹ್ಯಾಂಡ್ಸ್‌ನಲ್ಲಿ ಈ ಎರಡರ ನಡುವೆ ಸಿಗುವ ಜಾಗ ಕಡಿಮೆ, 17.5ರ ಜೀನು ಸಾಮಾನ್ಯ ಹಿಂದಕ್ಕೆ ಚಾಚ್ತದೆ. ಹಾಗಂತ ಮಕ್ಕಳ 15ರ ಜೀನಿನಲ್ಲಿ ದೊಡ್ಡವರು ಕೂತರೆ ಹಿಂದಿನ ಅಂಚಿನ ಮೇಲೆಯೇ ಭಾರ, ಸೊಂಟದ ಜಾಗದಲ್ಲೇ ನೋವು. 16.5ರ ಅಗಲ ಬಾಯಿಯದ್ದು ಹುಡುಕಿ. ಪೋನಿಯ ಮೈ ಪೀಪಾಯಿ, ಹೆಗಲ ಉಬ್ಬು ಹೆಸರಿಗೆ ಮಾತ್ರ, ಜೀನು ಪಕ್ಕಕ್ಕೆ ಹೊರಳ್ತದೆ. ತಂಗ್ (ಹೊಟ್ಟೆಯ ಪಟ್ಟಿ) ಬಿಗಿದು ಅದನ್ನು ಸರಿ ಮಾಡಲಿಕ್ಕೆ ಆಗುವುದಿಲ್ಲ. ಅಳತೆ ಕಳಿಸಿದರೆ ಕಾನ್ಪುರದಲ್ಲಿ ಮಾಡಿಕೊಡುವವರಿದ್ದಾರೆ. 20 ನಿಮಿಷ ಸವಾರಿ ಮಾಡಿ ಜೀನು ತೆಗೆದಾಗ ಬೆವರು ಎರಡೂ ಬದಿ ಸಮ ಇರಬೇಕು. ಒದ್ದೆಯ ನಡುವೆ ಅಂಗೈಯಷ್ಟು ಒಣ ಮಚ್ಚೆ ಕಂಡರೆ ಅಲ್ಲಿ ಒತ್ತುತ್ತಿದೆ ಅಂತ ಅರ್ಥ.

ನೆಲದಿಂದ ಹತ್ತಬೇಡಿ. ಕೆಂಪುಕಲ್ಲು ನಾಲ್ಕು ಜೋಡಿಸಿ ಒಂದೂವರೆ ಅಡಿಯ ಕಟ್ಟೆ ಮಾಡಿ. ರಿಕಾಬಿನಲ್ಲಿ ಕಾಲಿಟ್ಟು ಮೇಲೆ ಜಗ್ಗಿದಾಗ ಎಡಬದಿಯ ಬೆನ್ನಿಗೆ ಬೀಳುವ ತಿರುಚು ಪೋನಿಗೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಹುರುಳಿಕಾಳು
162 × 162 × 140 ÷ 11,880 = 309 ಕಿಲೋ. 60 ಅಂದರೆ ಶೇ. 19.4, 79 ಅಂದರೆ 25.6.

ಆದರೆ ಕುತ್ತಿಗೆಯ ದಿಬ್ಬ ನೋಡಿದರೆ ಈ 309ರಲ್ಲಿ 30 ಕಿಲೋ ಬೊಜ್ಜು. ಬೊಜ್ಜು ಸೇರಿಸಿ ಶೇಕಡಾ ತೆಗೆದರೆ ಪೋನಿ ದಪ್ಪ ಆದಷ್ಟೂ ಹೆಚ್ಚು ಹೊರಬಹುದು ಅಂತ ಉತ್ತರ ಬರ್ತದೆ, ಅದು ತಲೆಕೆಳಗು. ಸರಿಯಾದ ತೂಕ 280 ಅಂತ ಹಿಡಿಯಿರಿ. ಆಗ 60 ಆಗುವುದು ಶೇ. 21.4, 79 ಆಗುವುದು 28.2. 20 ಸ್ವಲ್ಪ ದಾಟಿದರೂ 52 ಕಿಲೋದವರು ಹಗುರ ಜೀನಿನಲ್ಲಿ ನಡಿಗೆ, ಸ್ವಲ್ಪ ಟ್ರಾಟ್ (ಮೆಲು ಓಟ), ಮೊದಲಿಗೆ 20 ನಿಮಿಷ, ಸಮತಟ್ಟು ಜಾಗದಲ್ಲಿ ಮಾಡಬಹುದು. 71ರವರು ಈ ಪೋನಿ ಹತ್ತುವ ಹಾಗಿಲ್ಲ. ಅವರಿಗೂ ಸವಾರಿಯೇ ಬೇಕು ಅಂತಾದರೆ 14 ಹ್ಯಾಂಡ್ಸ್‌ನ, 395 ಕಿಲೋ ಮೇಲಿನ, ಬೆನ್ನು ಗಿಡ್ಡ ಇರುವ ಗಟ್ಟಿ ಪ್ರಾಣಿ ಹುಡುಕಿ. ಅದೂ ಪೋನಿಯೇ.

ಕುಂದಾಪ್ರ ಗಾಡಿ
71ರವರು ಗಾಡಿ ಹೊಡೀಲಿ ಮಾರಾಯ್ರೆ. ಎರಡು ಗಾಲಿಯ ಹಗುರ ಗಾಡಿ, ಗಾಳಿ ಟಯರು. ಭಾರ ಚಕ್ರದ ಮೇಲೆ ಬೀಳ್ತದೆ, ಬೆನ್ನ ಮೇಲಲ್ಲ. ಸವಾರ ಕೂತ ಮೇಲೆ ಗಾಡಿಯ ಮೂಕಿಯನ್ನು ಎರಡು ಬೆರಳಲ್ಲಿ ಎತ್ತಲಿಕ್ಕೆ ಆಗ್ಬೇಕು, ಅಷ್ಟು ಸಮತೂಕ. ಹಿಂಬದಿ ತೊಡೆಗೆ ಬರುವ ಪಟ್ಟಿ ಬಿಡ್ಬೇಡಿ. ಮಣಿಪಾಲದ ಇಳಿಜಾರಿನಂಥ ಕಡೆ ಅದಿಲ್ಲದಿದ್ರೆ ಗಾಡಿ ಬಂದು ಪೋನಿಯ ಹಿಂಗಾಲಿಗೇ ಗುದ್ದುತ್ತದೆ, ಒಮ್ಮೆ ಹೆದರಿದ ಪೋನಿ ಮತ್ತೆ ಗಾಡಿಗೆ ಬರುವುದು ಕಷ್ಟ. ಗಾಡಿ ಕಟ್ಟುವ ಮೊದಲು ಆರು ವಾರ ಉದ್ದ ಹಗ್ಗ ಹಿಡಿದು ಹಿಂದಿನಿಂದ ನಡೆಸಿ, ಆಮೇಲೆ ಖಾಲಿ ಟಯರು ಎಳೆಸಿ ಸದ್ದಿಗೆ ಅಭ್ಯಾಸ ಮಾಡಿ.

ಪಡುಕರೆ
ದುಡ್ಡು ಕೊಡುವ ಮೊದಲು ರಕ್ತಪರೀಕ್ಷೆ. ಗ್ಲಾಂಡರ್ಸ್ ಮನುಷ್ಯರಿಗೂ ಅಂಟುವ ರೋಗ, ಕಂಡುಬಂದರೆ ಸರಕಾರಕ್ಕೆ ತಿಳಿಸಲೇಬೇಕು, ಪ್ರಾಣಿ ಉಳಿಯುವುದಿಲ್ಲ. ಪಶು ಆಸ್ಪತ್ರೆಯಿಂದಲೇ ರಕ್ತ ತೆಗೆಸಿ, ವರದಿ ಕೈಗೆ ಬಂದ ಮೇಲೆ ಲಾರಿ ಹೇಳಿ. ಸರ್ರಾ ರೋಗಕ್ಕೂ ಅದೇ ರಕ್ತದಲ್ಲಿ ನೋಡಲಿಕ್ಕೆ ಹೇಳಿ, ಅದು ಕಚ್ಚುವ ದೊಡ್ಡ ನೊಣದಿಂದ ಬರುವುದು. ಬಂದ ಮೇಲೆ ಧನುರ್ವಾಯು ಚುಚ್ಚುಮದ್ದು 4ರಿಂದ 6 ವಾರದ ಅಂತರದಲ್ಲಿ ಎರಡು, ರೇಬೀಸ್ ವರ್ಷಕ್ಕೊಂದು. ಮೂರು ವಾರ ಬೇರೆ ಕಟ್ಟಿ.

ಒಂಟಿ ಪೋನಿ ಬೇಲಿ ಮುರಿದು ಹೋಗ್ತದೆ. ಇನ್ನೊಂದು ಪೋನಿ ಆಗದಿದ್ದರೆ ಎರಡು ಆಡಾದರೂ ಇರಲಿ.

ಅಡ್ಕದಮನೆ
ಮಾರುವವರು ರಕ್ತ ತೆಗೆಯಲಿಕ್ಕೆ ಒಪ್ಪಿದ್ದಾರೆ. ಗಾಡಿಯ ಎದೆಪಟ್ಟಿ ಎಷ್ಟು ಎತ್ತರಕ್ಕೆ ಬರಬೇಕು?

ಕುಂದಾಪ್ರ ಗಾಡಿ
ಭುಜದ ತುದಿಯ ಮೂಳೆ ಉಂಟಲ್ಲ, ಅದರಿಂದ ಸ್ವಲ್ಪ ಮೇಲೆ. ಕೆಳಗೆ ಇಳಿದ್ರೆ ಕಾಲು ಮುಂದೆ ಹಾಕಲಿಕ್ಕೆ ತಡೆ, ಮೇಲೆ ಹೋದ್ರೆ ಉಸಿರುಕೊಳವೆ ಒತ್ತುತ್ತದೆ. ಮೊದಲು ದೊಡ್ಡ ನಮೂನೆಯ ಹಗ್ಗದಲ್ಲಿ ಕಟ್ಟಿ ನೋಡಿ, ತೊಗಲು ಆಮೇಲೆ ಕತ್ತರಿಸುವ.